ನಡುಮನೆಯಿಂದ ಎದ್ದು ಬಂದ ಬೇಸಿಗೆ

ಗೋಕಾಕದ ಆ ಬಾಡಿಗೆ ಮನೆಗೆ ಮೂರು ಭಾಗ. ಮುಂದೆ ಕಟ್ಟೆ, ಹಿಂದೆ ಬೇವಿನ ಮರದ ಹಿತ್ತಲು, ಎರಡರ ನಡುವೆ ನಾನು ಕೂಡುತ್ತಿದ್ದ ನಡುಮನೆ. ನಡುಮನೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲ ಕೋಲು ಮುಂಜಾನೆ ಒಂದು ಗೋಡೆಯ ಮೇಲೆ ನಿಂತು, ಮಧ್ಯಾಹ್ನ ನೆಲಕ್ಕಿಳಿದು, ಸಂಜೆಯ ಹೊತ್ತಿಗೆ ಎದುರಿನ ಗೋಡೆ ಹತ್ತಿ ಹೋಗುತ್ತಿತ್ತು. ಅದು ಹಾದುಹೋಗುವ ದಾರಿಯಲ್ಲಿ ಹಗ್ಗ ಕಟ್ಟಿ ನಾನು ಹಣ್ಣು ತೂಗುಹಾಕುತ್ತಿದ್ದೆ. ಮಾವು, ಪೇರಲ, ಸೀತಾಫಲ, ದಾಳಿಂಬೆ, ಅಂಜೂರ. ಎಲ್ಲವೂ ಕಟ್ಟಿಗೆಯವು. ಬಿಸಿಲು ಒಂದೊಂದನ್ನೇ ಮುಟ್ಟಿ ಮುಂದೆ ಸರಿಯುವುದನ್ನು ನೋಡುತ್ತ ಕೂತರೆ ಹೊರಗೆ ಯಾವ ತಿಂಗಳು ನಡೆದಿದೆ ಎಂಬುದು ಮರೆತೇ ಹೋಗುತ್ತಿತ್ತು. ಗಿರಣಿಯ ಭೋಂಗಾ ಕೂಗಿದಾಗ ಮಾತ್ರ ಬೆಚ್ಚಿ ಎಚ್ಚರಾಗುತ್ತಿದ್ದೆ.

ಹಿತ್ತಲಲ್ಲಿ ಕೂತ ಮೇಸ್ತ್ರಿ ಹಗುರ ಕಟ್ಟಿಗೆಯನ್ನು ಬಾಚಿಯಿಂದ ಕೆತ್ತಿ, ಉಳಿಯಿಂದ ತಿದ್ದಿ ಹಣ್ಣಿನ ಆಕಾರಕ್ಕೆ ತರುತ್ತಿದ್ದರು. ನಾನು ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಕಲ್ಲಿನ ಮೇಲೆ ಅರೆದು ಕುದಿಸಿ ಅಂಟು ಮಾಡುತ್ತಿದ್ದೆ. ಅದಕ್ಕೆ ಬಟ್ಟೆಯಲ್ಲಿ ಸೋಸಿದ ಬಿಳಿ ಮಣ್ಣು ಕಲಸಿ ಹಣ್ಣಿಗೆ ಮೂರು ಸಲ ಲೇಪ ಕೊಡಬೇಕು. ಒಂದು ಲೇಪ ಪೂರಾ ಒಣಗಿ, ಉಜ್ಜಿ ನುಣುಪು ಮಾಡಿದ ಮೇಲೆಯೇ ಇನ್ನೊಂದು. ಆಮೇಲೆ ಬಣ್ಣ. ಮಾವಿಗೆ ಮೊದಲು ಹಸಿರು, ಅದರ ಮೇಲೆ ಹಳದಿ, ತೊಟ್ಟಿನ ಪಕ್ಕಕ್ಕೆ ಕುಂಚದ ತುದಿಯಿಂದ ಒಂದಿಷ್ಟು ಕೆಂಪು. ಕೊನೆಗೆ ಅರಗಿನ ಮೆರುಗು. ಹೀಗೆ ನನ್ನ ಹಗ್ಗದ ಮೇಲೆ ಕಾಯಿ ಹಣ್ಣಾಗುತ್ತಿತ್ತು. ಆದ ಹಣ್ಣನ್ನು ಕಟ್ಟೆಯ ಮೇಲೆ ಬುಟ್ಟಿಗಳಲ್ಲಿ ಜೋಡಿಸಿ, ಬಸ್ಸಿನ ನೆತ್ತಿಗೆ ಹಾಕಿಕೊಂಡು ಮೂಡಲಗಿ, ಹುಕ್ಕೇರಿ ಸಂತೆಗಳಿಗೆ ಒಯ್ಯುವವರು ನಮ್ಮ ಇನ್ನೊಬ್ಬ ಪಾಲುದಾರರು. ಅವರನ್ನು ನಾನು ಪೇಟೆ ಕಾಕಾ ಎನ್ನುತ್ತಿದ್ದೆ.

ಮಕ್ಕಳೇ, ಮೇಸ್ತ್ರಿ, ಪೇಟೆ ಕಾಕಾ, ನಿಮ್ಮ ಅಜ್ಜ, ಈ ಮೂವರು ಒಂದೇ ಸಾಲಿಯಲ್ಲಿ ಕಲಿತ ಗೆಳೆಯರು. ಮೂವರೂ ಕೂಡಿ ಹೂಡಿದ ಕೆಲಸ ಇದು. ಅಜ್ಜ ತೀರಿಕೊಂಡ ಮೇಲೆ ಅವರ ಪಾಲು ನನಗೆ ಬಂತು, ಅವರು ಕೂಡುತ್ತಿದ್ದ ಜಾಗವೂ ಬಂತು. ಅವರ ಬಾಯಿ ಮಾತ್ರ ಬರಲಿಲ್ಲ. ನಾಲ್ಕನೆಯ ಇಯತ್ತೆವರೆಗೆ ಓದಿದ್ದೆ, ಓದುವುದು ಬರೆಯುವುದು ಚೆನ್ನಾಗಿಯೇ ಬರುತ್ತಿತ್ತು. ಆದರೆ ಗಂಡಸರ ಎದುರಿಗೆ ಮಾತಾಡಬೇಕೆಂದರೆ ನಾಲಗೆ ಒಣಗುತ್ತಿತ್ತು. ಬಾಗಿಲ ಮರೆಯಲ್ಲಿ ನಿಂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಹೇಳಬೇಕಾದ ಹತ್ತು ಮಾತಿನಲ್ಲಿ ಎರಡು ಹೇಳುತ್ತಿದ್ದೆ. ಅವರಿಬ್ಬರೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆದು ಮರ್ಯಾದೆಯಿಂದ ನಡೆಸಿಕೊಂಡರು.

ಅವರಿಬ್ಬರ ನಡುವೆ ಮಾತು ನಿಂತದ್ದು ಮೂಡಲಗಿ ಸಂತೆಯಲ್ಲಿ ಆದ ಒಂದು ಚೌಕಾಶಿಯಿಂದ. ಒಂದು ಮಾವು ಸೊಟ್ಟಗಿದೆ ಎಂದು ಗಿರಾಕಿ ಎಳೆದಾಡಿದಾಗ ಪೇಟೆ ಕಾಕಾ ನಗುತ್ತ, "ನಮ್ಮ ಮೇಸ್ತ್ರಿ ಕೈ ಈಗೀಗ ನಡಗತೈತ್ರೀ, ಅದಕ್ಕ ಮಾವಿನಕಾಯಿ ಕುಣದಾವು. ಒಂದ್ ಎರಡ ಆಣೆ ಕಡಿಮಿ ಕೊಡ್ರಿ" ಎಂದರಂತೆ. ಆ ಗಿರಾಕಿ ಕಲ್ಲೋಳಿಯವನು. ಕಲ್ಲೋಳಿಯಲ್ಲಿ ಮೇಸ್ತ್ರಿಯ ಬೀಗರ ಮನೆ. ಮೂರೇ ದಿನದಲ್ಲಿ ಮಾತು ನಮ್ಮ ಹಿತ್ತಲಿಗೆ ಬಂದು ಮುಟ್ಟಿತು.

ಆ ದಿನ ಮೇಸ್ತ್ರಿ ಬಾಚಿ ಹಿಡಿದು ಎದ್ದು ಬಂದವರು ನನ್ನ ನಡುಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟರು. ಅಲ್ಲಿಂದ ಕಟ್ಟೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ಇಡಲಿಲ್ಲ.

"ವೈನಿ, ಅಂವಗ ಹೇಳ್ರಿ. ಇವತ್ತಿನಿಂದ ಅಂವ ನನ್ನ ಕೂಡ ಮಾತಾಡೂದು ಬ್ಯಾಡ" ಎಂದರು.

ನಾನು ಕಟ್ಟೆಯ ಬಾಗಿಲಿಗೆ ಹೋದೆ. "ಮೇಸ್ತ್ರಿಗಳ ಮನಸಿಗೆ ನೋವಾಗೈತ್ರಿ" ಎಂದೆ, ಅಷ್ಟೇ.

"ಆಗವಲ್ದ್ಯಾಕ" ಎಂದರು ಪೇಟೆ ಕಾಕಾ, ಬುಟ್ಟಿ ಕಟ್ಟುತ್ತಲೇ. "ನಾ ಏನ ಸುಳ್ಳ ಹೇಳೇನಿ?"

ಸುಳ್ಳಲ್ಲ ಎಂಬುದು ನನಗೆ ಎಲ್ಲರಿಗಿಂತ ಮೊದಲು ಗೊತ್ತಿತ್ತು. ಒಂದು ವರ್ಷದಿಂದ ಮೇಸ್ತ್ರಿಯ ಉಳಿ ಅಲ್ಲಲ್ಲಿ ಜಾರುತ್ತಿತ್ತು. ಜಾರಿದ ಕಡೆ ಸಣ್ಣ ತಗ್ಗು ಬೀಳುತ್ತಿತ್ತು. ನಾನು ಯಾರಿಗೂ ಹೇಳದೆ ಆ ತಗ್ಗಿಗೆ ಮಣ್ಣು ದಪ್ಪಗೆ ತುಂಬಿ, ಉಜ್ಜಿ, ದುಂಡಗೆ ಮಾಡಿಬಿಡುತ್ತಿದ್ದೆ. ಸೊಟ್ಟಗಿದ್ದ ಆ ಒಂದು ಮಾವು ಅವಸರದಲ್ಲಿ ನನ್ನ ಕೈತಪ್ಪಿ ಹೋದದ್ದು.

ಅಂದಿನಿಂದ ಅವರಿಬ್ಬರ ಮಾತೆಲ್ಲ ನಡುಮನೆ ದಾಟಿ ಹೋಗಬೇಕಾಯಿತು. ಹಿತ್ತಲಿಂದ ಒಂದು, ಕಟ್ಟೆಯಿಂದ ಒಂದು.

"ವೈನಿ, ಅಂವಗ ಹೇಳ್ರಿ, ಪೇರಲ ಸಾಕು, ಗುಡ್ಡ ಆಗೇತಿ ಇಲ್ಲೆ. ಅಂವಗ ಬರೇ ಪೇರಲಹಣ್ಣಽ ಕಾಣತಾವೇನ?" ಎಂದು ಕಟ್ಟೆಯಿಂದ ಕಾಕಾ.

ನಾನು ಹಿತ್ತಲಿಗೆ ಹೋಗಿ ಹೇಳುತ್ತಿದ್ದೆ: "ಪೇರಲ ಚಂದ ಆಗ್ಯಾವಂತ್ರಿ. ಈಗ ಸ್ವಲ್ಪ ದಾಳಿಂಬರ ಮಾಡಿದ್ರ ಚಲೋ ಅಂತಾರ."

"ಚಂದ ಆಗ್ಯಾವಂತಾ?" ಮೇಸ್ತ್ರಿಗೆ ನಂಬಿಕೆ ಬರುತ್ತಿರಲಿಲ್ಲ. "ಅಂವ ಅಂದ್ನಾ? ಸೂರ್ಯಾ ಯಾವ ದಿಕ್ಕಿಗೆ ಹುಟ್ಟ್ಯಾನ ನೋಡ್ರಿ."

ಆದರೂ ಉಳಿಯ ಸದ್ದು ಸ್ವಲ್ಪ ಮೆತ್ತಗಾಗುತ್ತಿತ್ತು. ಅದನ್ನು ಕೇಳುತ್ತ ನಾನು ಬಣ್ಣ ಹಚ್ಚುತ್ತಿದ್ದೆ. ಎರಡು ಕಡೆಯ ಒರಟು ಮಾತುಗಳು ನನ್ನ ಹತ್ತಿರ ಬಂದು ನುಣುಪಾಗಿ ಹೋಗುತ್ತಿದ್ದವು. ಇದೂ ನನ್ನ ಕೆಲಸವೇ ಎಂದುಕೊಂಡೆ. ಖರೆ ಹೇಳಬೇಕೆಂದರೆ ಅದರಲ್ಲಿ ನನಗೊಂದು ಸುಖವೂ ಇತ್ತು. ನನ್ನದೇ ಮಾತು ಆಡಲು ಬಾರದವಳಿಗೆ ಬೇರೆಯವರ ಮಾತನ್ನು ಹೀಗೆ ಬಣ್ಣ ಕಟ್ಟಿ ಆಡಲು ಬರುತ್ತಿತ್ತು. ಹೀಗೇ ಎಂಟು ತಿಂಗಳು ಕಳೆದವು.

ಲಗ್ನಸರಾಯಿ, ಮದುವೆಗಳ ಹಂಗಾಮು, ಹತ್ತಿರ ಬಂತು. ಹುಕ್ಕೇರಿಯ ಒಂದು ದೊಡ್ಡ ಮನೆತನದವರು ಮಗಳ ರುಕವತಕ್ಕೆ ಐದು ಬುಟ್ಟಿ ಹಣ್ಣು ಹೇಳಿದರು. ರುಕವತ ಎಂದರೆ ಹೆಣ್ಣಿನ ಕಡೆಯವರು ಮಾಡಿದ ತಿನಿಸು, ಕೈಕೆಲಸ ಎಲ್ಲವನ್ನೂ ಬೀಗರ ಮುಂದೆ ಸಾಲಾಗಿ ಇಟ್ಟು ತೋರಿಸುವುದು. ಬೇಸಿಗೆಯಲ್ಲಿ ಸಿಗದ ಸೀತಾಫಲ, ಅಂಜೂರಗಳನ್ನು ಕಟ್ಟಿಗೆಯಲ್ಲಿ ಮಾಡಿಸಿ ಇಟ್ಟರೆ ಬೀಗತಿಯರು ಮೋಸಹೋಗಿ ಮೂಸಿ ನೋಡಬೇಕು, ಅದೇ ತಮಾಷೆ, ಅದೇ ದೊಡ್ಡಸ್ತಿಕೆ.

"ವೈನಿ, ಅಂವಗ ಹೇಳ್ರಿ" ಎಂದರು ಪೇಟೆ ಕಾಕಾ, "ಹನ್ನೆರಡು ದಿನದಾಗ ಐದು ಬುಟ್ಟಿ. ಆಗೂದಿಲ್ಲಂದ್ರ ಈಗಽ ಹೇಳಬೇಕು, ನಾ ಹುಕ್ಕೇರಿಗೆ ಹೋಗಿ ಬ್ಯಾಡ ಅಂತೇನಿ. ಆಮ್ಯಾಲೆ ನನ್ನ ಮುಖಕ್ಕ ಮಸಿ ಬಳಿಯೂದು ಬ್ಯಾಡ."

ಹಿತ್ತಲಲ್ಲಿ ಮೇಸ್ತ್ರಿ ಹೊಸದಾಗಿ ಬಂದ ಕಟ್ಟಿಗೆಯನ್ನು ಬೆರಳಿಂದ ತಟ್ಟಿ ನೋಡುತ್ತಿದ್ದರು.

"ಹಸೀ ಐತ್ರಿ. ಕೆತ್ತಿ ಹದಿನೈದು ದಿನ ನೆರಳಿಗಿ ಹಾಕಬೇಕು, ಆಮ್ಯಾಲೆ ನಿಮ್ಮ ಮಣ್ಣ ಕುಂದ್ರಬೇಕು. ತಿಂಗಳ ಬೇಕು. ಹನ್ನೆರಡ ದಿನಕ್ಕ ಬೇಕಂದ್ರ ಅಂವಗ ಗಿಡಕ್ಕ ಹೋಗಿ ಹಣ್ಣ ಹರ್ಕೊಂಡ ಬಾ ಅನ್ರಿ."

ನಾನು ನಡುಮನೆಯಲ್ಲಿ ಬಂದು ನಿಂತೆ. ಬಿಸಿಲ ಕೋಲು ಆಗ ನೆಲದ ಮೇಲಿತ್ತು. ಕಟ್ಟೆಗೆ ಹೋಗಿ ಹಾಗೆಯೇ ಹೇಳಿದರೆ ದೊಡ್ಡ ಜಗಳವಾಗುತ್ತದೆ, ಅವತ್ತೇ ಎಲ್ಲ ಮುರಿದುಬೀಳುತ್ತದೆ ಎಂದು ಹೆದರಿಕೆಯಾಯಿತು. ಮುರಿದರೆ ನಾನು ಎಲ್ಲಿಗೆ ಹೋಗಲಿ, ನಿಮ್ಮ ಅಪ್ಪನ ಸಾಲಿ ಏನಾಗಬೇಕು? ಕಟ್ಟೆಯ ಬಾಗಿಲಿಗೆ ಹೋಗಿ, "ಕಟಿಗಿ ಒಂಚೂರ ಹಸಿ ಐತಂತ್ರಿ. ನೋಡೂಣು, ಮಾಡೂಣು ಅಂತಾರ" ಎಂದೆ. ಹಿತ್ತಲಿಗೆ ಹೋಗಿ, "ಹುಕ್ಕೇರಿಯವರು ಬಾಳ ಅವಸರ ಮಾಡಾಕತ್ತಾರಂತ. ನಿಮ್ಮ ಕೈಯಿಂದಽ ಆಗಬೇಕಂತ" ಎಂದೆ.

ಮೇಸ್ತ್ರಿ ಕಟ್ಟಿಗೆಯನ್ನು ಇನ್ನೊಮ್ಮೆ ತಟ್ಟಿ ನೋಡಿದರು. "ಹಸಿ ಐತಿ ಅಂತ ಹೇಳಿದ್ರಿಲ್ಲ? ಕೇಳಿಯೂ ಬೇಕಂದ್ನಾ?"

"ಹೌದ್ರಿ" ಎಂದೆ.

ಕೆತ್ತಿದರು. ಉಳಿ ಎಂದಿಗಿಂತ ಹೆಚ್ಚು ಜಾರಿತ್ತು. ನಾನು ಎಂದಿಗಿಂತ ಹೆಚ್ಚು ಮಣ್ಣು ತುಂಬಿದೆ. ಲೇಪ ಬೇಗ ಒಣಗಲೆಂದು ಹಗ್ಗವನ್ನು ಬಿಸಿಲ ಕೋಲಿನ ಹಿಂದೆ ಹಿಂದೆಯೇ ಗೋಡೆಯಿಂದ ಗೋಡೆಗೆ ಸರಿಸಿದೆ. ಹನ್ನೆರಡನೆಯ ದಿನ ಐದು ಬುಟ್ಟಿ ಕಟ್ಟೆಗೆ ಬಂದವು. ಅಷ್ಟು ಚೆಂದದ ಹಣ್ಣು ನಾನು ಅದಕ್ಕೂ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ನನ್ನ ತಂಗಿಯ ಮನೆ ಹುಕ್ಕೇರಿಯಲ್ಲೇ ಇತ್ತು. ಅದೇ ವಾರ ಅಲ್ಲಿಗೆ ಹೋಗಿದ್ದೆ. ಅವಳು ಬಿಡದೆ ಆ ಮದುವೆಗೆ ಕರೆದುಕೊಂಡು ಹೋದಳು. ಹಂದರದ ಹಿಂದಿನ ಗೂಟದ ಬಳಿ, ನನ್ನಂಥವಳು ನಿಲ್ಲಬೇಕಾದ ಕಡೆ ನಿಂತೆ. ಚಾಪೆಯ ಮೇಲೆ ಉಂಡಿ, ಕರ್ಜಿಕಾಯಿ, ಮುತ್ತು ಪೋಣಿಸಿದ ಗಿಳಿ, ನಡುವೆ ನನ್ನ ಐದು ಬುಟ್ಟಿ. ಹಂದರದೊಳಗೆ ಕಾದ ಹೆಂಚಿನಂಥ ಸೆಕೆ. ನನ್ನ ನಡುಮನೆಯನ್ನೇ ಯಾರೋ ಎತ್ತಿ ತಂದು ಬಯಲಲ್ಲಿ ಇಟ್ಟಂತೆ ಅನಿಸಿತು.

ಗಂಡಿನ ತಾಯಿ ಮೊದಲನೆಯ ಮಾವು ಎತ್ತಿದರು. ಅದರ ಹೊಟ್ಟೆಯಿಂದ ಅಂಗೈ ಅಗಲದ ಹಕ್ಕಳೆ ಕಳಚಿ, ಬಿಳಿ ಪುಡಿ ಅವರ ಹೊಸ ಇಳಕಲ್ ಸೀರೆಯ ಮೇಲೆಲ್ಲ ಸುರಿಯಿತು.

"ಏನ್ರಿ ಬೀಗ್ತಿ" ಎಂದು ಅವರ ಪಕ್ಕದಾಕೆ ಕೂಗಿದಳು, "ನಿಮ್ಮ ಮನ್ಯಾಗ ಮಾವಿನಹಣ್ಣಿಗೂ ಸುಣ್ಣಾ ಹಚ್ಚತೀರೇನ್ರಿ? ಗ್ವಾಡಿಗಿ ಹಚ್ಚಿ ಉಳದಿತ್ತೇನ?"

ನಗೆ ಎದ್ದಿತು. ಇನ್ನೊಬ್ಬಳು ದಾಳಿಂಬೆ ಎತ್ತಿದಳು, ಅದೂ ಸೀಳಿತು. "ಒಳಗ ಬೀಜ ಇಲ್ಲವ್ವಾ! ಹೆಣ್ಣಿನಾಗರ ಏನ ಐತಿ ನೋಡ್ಕೊಳ್ರಿ!" ಎಂದು ಮತ್ತೆ ನಗೆ. ಹೆಣ್ಣಿನ ತಾಯಿ ಕೈಯಲ್ಲಿದ್ದ ತಾಟನ್ನು ಕೆಳಗಿಡಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ನಿಂತಿದ್ದರು. ಮದುಮಗಳು ತಲೆ ಎತ್ತಲಿಲ್ಲ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ನಾನು ಆ ಮಾವನ್ನು ಎತ್ತಿ ನೋಡಿದೆ. ಎಲ್ಲೆಂದರಲ್ಲಿ ಒಡೆದಿರಲಿಲ್ಲ. ಹಸಿ ಕಟ್ಟಿಗೆ ಸೆಕೆಗೆ ಒಣಗಿ ಕುಗ್ಗಿ, ಉಳಿ ಜಾರಿದ ತಗ್ಗಿಗೆ ನಾನು ಎಲ್ಲೆಲ್ಲಿ ದಪ್ಪಗೆ ತುಂಬಿದ್ದೆನೋ ಅಲ್ಲಲ್ಲೇ ಕಳಚಿ ಬಿದ್ದಿತ್ತು. ಸೆರಗಿನಲ್ಲಿ ಕಟ್ಟಿಕೊಂಡು ಗೋಕಾಕದ ಬಸ್ಸು ಹತ್ತಿದೆ.

ನಮ್ಮ ಸೀಮೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಬಸ್ಸಿನ ಹಳೆಯ ಮರಾಠಿ ಅಕ್ಷರಗಳ ಮೇಲೆ ಬಣ್ಣ ಬಳಿದು ಕನ್ನಡ ಬರೆದಿದ್ದರು. ಬಿಸಿಲು ಬಿದ್ದಾಗ ಕೆಳಗಿನ ಅಕ್ಷರ ಮೇಲೆ ಮೂಡಿ ಕಾಣುತ್ತಿತ್ತು. ಇಡೀ ದಾರಿ ಅದನ್ನೇ ನೋಡುತ್ತ ಕೂತೆ. ಕಿಟಕಿಯಾಚೆ ಕಬ್ಬಿನ ಹಸಿರು, ಕಪ್ಪು ಹೊಲ, ಧೂಳಿನ ಹಳದಿ, ನಿದ್ದೆಯಲ್ಲೆಂಬಂತೆ ಒಂದರ ಹಿಂದೆ ಒಂದು ಲೇಪದಂತೆ ಹಾದುಹೋದವು. ಗೋಕಾಕದ ಗುಡ್ಡ ಕಾಣುವಷ್ಟರಲ್ಲಿ ಪಾಲು ಬಿಡಬೇಕು ಎಂದು ನಿಶ್ಚಯ ಮಾಡಿದ್ದೆ. ಅವರ ಜಗಳಕ್ಕೆ ಬೇಸತ್ತು ಅಲ್ಲ. ನಾನು ಆ ನಡುಮನೆಯಲ್ಲಿ ಕೂತಿರುವವರೆಗೆ ಅವರಿಬ್ಬರೂ ಒಬ್ಬರ ಮಾತು ಒಬ್ಬರು ಕೇಳುವುದಿಲ್ಲ, ಇಬ್ಬರೂ ನನ್ನ ಮಾತನ್ನೇ ಕೇಳುತ್ತಾರೆ ಎಂದು ತಿಳಿದದ್ದರಿಂದ.

ನಾನು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಕಟ್ಟೆಯಿಂದ ಕೂಗು: "ವೈನಿ, ಅಂವಗ ಹೇಳ್ರಿ, ಬೇಕಂತ ಮಾಡ್ಯಾನ, ನನ್ನ ಹೆಸರ ಕೆಡಸಾಕ ಮಾಡ್ಯಾನ!" ಹಿತ್ತಲಿಂದ ಕೂಗು: "ವೈನಿ, ಅಂವಗ ಹೇಳ್ರಿ, ಹಸಿ ಅಂತ ಬಾಯಿ ಬಡಕೊಂಡೇನಿ!"

ಪೆಟ್ಟಿಗೆ ತೆರೆದು ನಮ್ಮ ಪಾಲಿನ ಕರಾರು ಪತ್ರ ತೆಗೆದೆ. ನಿಮ್ಮ ಅಜ್ಜ ತಮ್ಮ ಕೈಯಿಂದ ಬರೆದದ್ದು, ಅವರ ಅಕ್ಷರ ಇರುವೆ ಸಾಲಿನ ಹಾಗೆ. ಪಾಲು ಬಿಡುವವರು ಉಳಿದ ಇಬ್ಬರನ್ನೂ ಒಂದೇ ಕಡೆ ಕೂಡಿಸಿ ತಮ್ಮ ಬಾಯಿಂದ ಹೇಳಬೇಕು, ಬೇರೆಯವರ ಕೈಲಿ ಹೇಳಿಸಬಾರದು. ಹೇಳಿದ ಮೇಲೆ ಮೂರು ತಿಂಗಳು ಇದ್ದು ಕೈಯಲ್ಲಿರುವ ಕೆಲಸ ಮುಗಿಸಬೇಕು. ಬರುವಾಗ ತಂದ ಸಾಮಾನು ಒಯ್ಯಬಹುದು. ಚೀಟಿ ಬರೆದಿಟ್ಟು ಹೋಗಿಬಿಡೋಣ ಎಂದುಕೊಂಡಿದ್ದೆ. ಅಜ್ಜ ಆ ದಾರಿ ಮುಚ್ಚಿ ಹೋಗಿದ್ದರು.

ಮರುದಿನ ಮುಂಜಾನೆ ಹಗ್ಗ ಬಿಚ್ಚಿ ಹಣ್ಣೆಲ್ಲ ತೆಗೆದು, ನಡುಮನೆಯಲ್ಲಿ ಚಾಪೆ ಹಾಸಿದೆ. ಇಬ್ಬರನ್ನೂ ಕರೆದೆ. ಎಂಟು ತಿಂಗಳ ಮೇಲೆ ಅವರು ಒಂದೇ ಕೋಣೆಯಲ್ಲಿ ಕೂತರು, ಒಬ್ಬರು ಆ ಗೋಡೆ ನೋಡುತ್ತ, ಇನ್ನೊಬ್ಬರು ಈ ಗೋಡೆ ನೋಡುತ್ತ. ನಾನು ಬಾಗಿಲ ಮರೆಗೆ ಹೋಗಲಿಲ್ಲ. ಒಡೆದ ಮಾವನ್ನು ನಡುವೆ ಇಟ್ಟು ಎದುರಿಗೆ ಕೂತೆ.

"ನಾ ಪಾಲ ಬಿಡತೇನ್ರಿ" ಎಂದೆ.

"ಯಾರ ಹೇಳ್ಯಾರ ಹಿಂಗ ಅನ್ನಾಕ?" ಪೇಟೆ ಕಾಕಾ ಮೇಸ್ತ್ರಿಯ ಕಡೆ ಕಣ್ಣು ಹಾಯಿಸಿದರು. "ಇದು ಯಾರ ಮಾತ್ರಿ, ವೈನಿ?"

"ನಂದ್ರಿ."

ಸೆರಗು ಬಿಟ್ಟು ಕೈ ನೆಲಕ್ಕೆ ಊರಿದೆ. "ಮೇಸ್ತ್ರಿಗೋಳು ತಿಂಗಳ ಬೇಕಂದಿದ್ರು. ನಾ ಕಾಕಾಗೋಳಿಗೆ ಹೇಳ್ಲಿಲ್ಲ. ಆಗೂದಿಲ್ಲಂದ್ರ ಈಗಽ ಹೇಳ್ರಿ ಅಂತ ಕಾಕಾಗೋಳು ಅಂದಿದ್ರು. ಅದನ್ನ ನಾ ಮೇಸ್ತ್ರಿಗೋಳಿಗೆ ಹೇಳ್ಲಿಲ್ಲ. ಎಂಟ ತಿಂಗಳದಿಂದ ನಿಮ್ಮಿಬ್ಬರ ಮಾತೂ ನಾ ಇದ್ದಂಗ ಮುಟ್ಟಿಸಿಲ್ಲ."

ಪೇಟೆ ಕಾಕಾ ಒಡೆದ ಮಾವನ್ನು ಎತ್ತಿ ತಿರುಗಿಸಿ ನೋಡಿದರು.

"ಅಂದ್ರ, ಪೇರಲ ಚಂದ ಆಗ್ಯಾವು ಅಂದದ್ದು?" ಮೇಸ್ತ್ರಿ ನೆಲ ನೋಡುತ್ತ ಕೇಳಿದರು.

"ಅದು ನಾ ಅಂದದ್ರಿ."

ಮೇಸ್ತ್ರಿ ನಿಧಾನಕ್ಕೆ ತಲೆ ತಿರುಗಿಸಿದರು. ನನ್ನ ಕಡೆಗಲ್ಲ. "ಕೇಳಿದ್ಯೇನಲೇ?" ಎಂದರು.

"ಕೇಳಿದೆ" ಎಂದರು ಪೇಟೆ ಕಾಕಾ. "ನೀ ನನ್ನಿಂದ ಬಾಳ ಉಪಕಾರ ಆತು ಅಂದಿದ್ಯಂತ ಹೋದ ದೀಪಾವಳಿಗೆ. ನಾ ಅವತ್ತಽ ಸಂಶೇ ಪಟ್ಟಿದ್ದೆ."

"ನಾ ಯಾಕ ಅನ್ಲಿ ಉಪಕಾರ? ನಿನಗಾ?"

ಬೈದಾಡತೊಡಗಿದರು. ಎಂಟು ತಿಂಗಳ ಬೈಗುಳ, ನೇರಾನೇರ, ಕಟ್ಟೆಯ ಆಚೆಯ ಓಣಿಗೆಲ್ಲ ಕೇಳುವ ಹಾಗೆ. ನಾನು ಎದ್ದು ಚಹಾ ಇಟ್ಟೆ. ಚಹಾ ಕುಡಿಯುವಾಗ ಇಬ್ಬರೂ ಒಂದೇ ಮಾತಾದರು: ಆದದ್ದು ಆಯಿತು, ಇನ್ನು ನಾವಿಬ್ಬರೇ ಮಾತಾಡಿಕೊಳ್ಳುತ್ತೇವೆ, ನೀವು ಬಿಟ್ಟು ಹೋಗಬೇಡಿ. ಆ ಗಳಿಗೆ ನನಗೆ ಎಷ್ಟು ಕಷ್ಟವಾಯಿತು ಎಂದು ಬರೆದು ತಿಳಿಸಲಾರೆ. ಆದರೆ ಮೇಸ್ತ್ರಿ ಕಪ್ಪು-ಬಸಿ ಕೆಳಗಿಡುವಾಗ ಅದು ಗಡಗಡ ಸದ್ದು ಮಾಡಿತು. ನಾವು ಮೂವರೂ ಕೇಳಿದೆವು, ಯಾರೂ ಏನೂ ಅನ್ನಲಿಲ್ಲ. ಮೇಸ್ತ್ರಿಯ ಕೈಯ ಮಾತೊಂದು ಇನ್ನೂ ಉಳಿದಿತ್ತು. ನಾನು ಉಳಿದರೆ ನಾಳೆಯೇ ಅದರ ಮೇಲೆ ಮಣ್ಣು ಹಚ್ಚಲು ಕೂಡುತ್ತೇನೆ ಎಂದು ನನಗೆ ಗೊತ್ತಿತ್ತು.

"ಮೂರ ತಿಂಗಳ ಇರತೇನ್ರಿ, ಕರಾರಿನಂಗ" ಎಂದೆ.

ಮೊದಲು ಹುಕ್ಕೇರಿಗೆ ಹೋಗಿ ಹೆಣ್ಣಿನ ತಾಯಿಯ ಎದುರಿಗೆ ನಿಂತು, ತಪ್ಪು ನನ್ನದು, ಮಗಳು ಮಣ್ಣೆತ್ತಿನ ಅಮಾವಾಸ್ಯೆಗೆ ತವರಿಗೆ ಬಂದಾಗ ಐದು ಬುಟ್ಟಿ ಹೊಸದಾಗಿ ಕೊಡುತ್ತೇವೆ ಎಂದೆ. "ನಾಲ್ಕ ಮಂದ್ಯಾಗ ನನ್ನ ಮೂಗ ಹೋತವ್ವಾ" ಎಂದರು ಅವರು. "ಹಣ್ಣಿನ ಕೂಡ ಒಂದ ಕಟಿಗಿ ಮೂಗೂ ಮಾಡಿ ಕೊಟ್ಟಬಿಡ್ರಿ." ಆಮೇಲೆ ತಾವೇ ನಕ್ಕು ಒಳಗೆ ಕರೆದು ನೀರು ಕೊಟ್ಟರು.

ಈ ಸಲ ಕಟ್ಟಿಗೆ ಬೇವಿನ ನೆರಳಿಗೆ ಬಿದ್ದು ತನ್ನ ದಿನ ತಾನು ತೆಗೆದುಕೊಂಡಿತು. ಕಾಕಾ ತಾವೇ ಹಿತ್ತಲಿಗೆ ಹೋಗಿ, "ಒಣಗಿತೇನಲೇ?" ಎಂದು ಕೇಳುವರು. "ನಿನ್ನ ತಲಿ ಒಣಗೇತಿ, ಇದಿನ್ನಾ ಇಲ್ಲ" ಎಂದು ಉತ್ತರ. ನನ್ನ ಜಾಗಕ್ಕೆ ಮೇಸ್ತ್ರಿಯ ಸೊಸೆಯನ್ನು ಕೂಡಿಸಿ ಕೆಲಸ ಕಲಿಸಿದೆ. ಬೀಜ ಎಷ್ಟು ಹುರಿಯಬೇಕು, ಅಂಟು ಬೆರಳ ನಡುವೆ ಎಷ್ಟು ನೂಲೆಳೆಯಬೇಕು, ಲೇಪ ಒಣಗಿದ್ದನ್ನು ಕೆನ್ನೆಗೆ ಒತ್ತಿ ಹೇಗೆ ತಿಳಿಯಬೇಕು, ಎಲ್ಲ ತೋರಿಸಿದೆ. ಕೊನೆಗೆ, "ಉಳಿ ಜಾರಿದ್ದು ಕಂಡ್ರ ತುಂಬಬ್ಯಾಡವಾ. ವಾಪಸ್ ಕೊಡು" ಎಂದೆ.

"ಮಾವನವರಿಗೆ ನಾ ಹೆಂಗ ಹೇಳ್ಲಿ, ಅತ್ತಿ?"

"ಹೇಳಬ್ಯಾಡ. ಬರೇ ಅವರ ಕೈಯಾಗ ವಾಪಸ್ ಇಡು."

ಐದು ಬುಟ್ಟಿ ಹುಕ್ಕೇರಿಗೆ ಹೋದವು. ಒಂದೂ ಒಡೆಯಲಿಲ್ಲ. ಹೊಳೆಗೆ ಹೊಸ ಕೆಂಪು ನೀರು ಬಂದ ವಾರ ನಾನು ಹೊರಟೆ. ನನ್ನ ಅರೆಯುವ ಕಲ್ಲು, ಅಂಟಿನ ಗಡಿಗೆ, ಕುಂಚಗಳನ್ನು ತೆಗೆದುಕೊಂಡೆ. ಅಜ್ಜನ ಕಾಲದ ಮಾದರಿ ಹಣ್ಣುಗಳು ಯಾರಿಗೆ ಎಂದು ಅವರಿಬ್ಬರೂ ಮತ್ತೆ ಜಗಳ ತೆಗೆದರು. ನಡುವೆ ಹೋಗಲು ಕಾಲು ತಾನಾಗಿ ಎದ್ದಿತು. ತಡೆದುಕೊಂಡು ಬಂಡಿ ಹತ್ತಿದೆ. ಓಣಿಯ ತಿರುವಿನವರೆಗೂ ಅವರ ದನಿ ಕೇಳುತ್ತಿತ್ತು, ಎರಡೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ.

ಮೂಡಲಗಿಗೆ ಬಂದು ನನ್ನ ಅಣ್ಣನ ಮನೆಯ ಪಡಸಾಲೆಯಲ್ಲಿ ತೊಟ್ಟಿಲುಗಳಿಗೆ ಬಣ್ಣ ಹಚ್ಚುವ ಕೆಲಸ ಹಿಡಿದೆ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚುವ ಬಣ್ಣವನ್ನೂ ಅರೆದು ಕೊಡುತ್ತಿದ್ದೆ. ಅದರಲ್ಲೇ ನಿಮ್ಮ ಅಪ್ಪನ ಸಾಲಿ ಸಾಗಿತು. ಆ ಪಡಸಾಲೆಗೆ ಮೂರು ಕಡೆ ಬಯಲು, ಬಿಸಿಲು ಎಲ್ಲಿಂದ ಬೇಕಾದರೂ ಬರುತ್ತಿತ್ತು.

ನಾಲ್ಕೈದು ವರ್ಷದ ಮೇಲೆ ಒಂದು ಸಂತೆಯ ದಿನ ಪೇಟೆ ಕಾಕಾ ಬಂದು ಪಡಸಾಲೆಯ ಅಂಚಿಗೆ ಕೂತರು. ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ನೀರು ಕುಡಿದರು.

"ಮೇಸ್ತ್ರಿ ಕೆಲಸ ಬಿಟ್ಟ, ವೈನಿ" ಎಂದರು. "ನಾನಽ ಹೇಳಿದೆ. ಎದುರಿಗೆ ಕುಂತು ಹೇಳಿದೆ, ನಿನ್ನ ಕೈ ಇನ್ನ ಸಾಕಂತ, ಬಾಚಿ ಕೆಳಗ ಇಡು ಅಂತ."

ಕುಂಚ ತೊಟ್ಟಿಲ ಗಿಳಿಯ ಮೇಲೆ ನಿಂತಿತು. "ಏನಂದ್ರು?"

"ಅತ್ತ. ಬಾಳೊತ್ತು ಅತ್ತ. ಆಮ್ಯಾಲೆ, ಇದನ್ನ ಹೇಳಾಕ ನಿನಗ ಇಷ್ಟ ವರ್ಸ ಬೇಕಾತೇನಲೇ, ಅಂತ ಬೈದ."

ಚೀಲದಿಂದ ಒಂದು ಮಾವು ತೆಗೆದು ನನ್ನ ಮುಂದೆ ಇಟ್ಟರು. ಬರಿಯ ಕಟ್ಟಿಗೆ. ಒಂದು ಪಕ್ಕದಲ್ಲಿ ಉಳಿ ಉದ್ದಕ್ಕೆ ಜಾರಿದ ಗೀರು.

"ಕಡೀದು ಇದು. ನಿಮಗ ಕೊಡು ಅಂದಾನ. ಇದಕ್ಕ ಮಣ್ಣ ಹಚ್ಚಬ್ಯಾಡಂತ ಹೇಳು ಅಂದಾನ. ನಿಮ್ಮ ಲೇಪದ ದಪ್ಪ ಅಂವಗ ಅವಾಗಽ ಬೆರಳಿಗೆ ಹತ್ತತಿತ್ತಂತ. ಗೊತ್ತಿತ್ತಂತ ಅಂವಗ."

ಅವರು ಹೇಳಿದ ಮಾತು ಅವರು ಹೇಳಿದಂತೆಯೇ ಇಲ್ಲಿ ಬರೆದಿದ್ದೇನೆ, ಮಕ್ಕಳೇ. ಗೋಡೆಯ ಮಾಡದಲ್ಲಿ ದೀಪದ ಪಕ್ಕ ಇರುವ ಆ ಮಾವಿಗೆ ಬಣ್ಣ ಹಚ್ಚಿ ಕೊಡಜ್ಜಿ ಎಂದು ನೀವು ಎಷ್ಟು ಸಲ ಕುಂಚ ಹಿಡಿದು ಬಂದಿದ್ದೀರಿ. ಕೈಗೆ ತೆಗೆದುಕೊಂಡು ಆ ಗೀರಿನ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿ, ಮತ್ತೆ ಅಲ್ಲೇ ಇಟ್ಟುಬಿಡಿ.